ಹಾಲ್ ಕಟ್ಟಿದರು, ಕರೆಯುವವರನ್ನು ನೇಮಿಸಲಿಲ್ಲ

ಹಿರಿಯರ ವಸತಿ ಸಮುಚ್ಚಯಗಳಲ್ಲಿ ಕಮ್ಯುನಿಟಿ ಹಾಲ್ ಇಲ್ಲದ್ದು ಅಪರೂಪ. ಆದರೆ ಹೆಚ್ಚಿನ ದಿನ ಅದಕ್ಕೆ ಬೀಗ. ಕೇಳಿದರೆ 'ಯಾರೂ ಬರುವುದಿಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ವ್ಯವಸ್ಥೆ ಬೆಳೆದು ಬಂದ ಎಂಟು ದಶಕಗಳ ಹಾದಿ ನೋಡಿದರೆ ದೋಷ ನಿವಾಸಿಗಳದ್ದಲ್ಲ ಅನ್ನಿಸುತ್ತದೆ. ಕಟ್ಟಡಕ್ಕೆ ಹೇಗೋ ಹಣ ಹುಟ್ಟಿದೆ. ಮನೆ ಮನೆಗೆ ಹೋಗಿ ಮಾತಾಡಿಸುವ, ಯಾವ ಸೌಲಭ್ಯ ಎಲ್ಲಿ ಸಿಗುತ್ತದೆಂದು ಹುಡುಕಿಕೊಡುವ ಮನುಷ್ಯನ ಸಂಬಳಕ್ಕೆ ಮಾತ್ರ ಹಣ ಕೊನೆಯಲ್ಲಿ ಬಂದಿದೆ, ಕಡಿತದ ಕಾಲದಲ್ಲಿ ಮೊದಲು ಹೋಗಿದೆ.

ಅಮೆರಿಕದ ಮೊದಲ ಹಿರಿಯರ ಕೇಂದ್ರವೆಂದು ಹೇಳಲಾಗುವ ವಿಲಿಯಂ ಹಾಡ್ಸನ್ ಕೇಂದ್ರ 1943ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಶುರುವಾಯಿತು. ನಡೆಸಿದ್ದು ನಗರದ ಕಲ್ಯಾಣ ಇಲಾಖೆ. ಅಲ್ಲಿಗೆ ಜನ ತಾವೇ ನಡೆದು ಬರಬೇಕಿತ್ತು. ಕೇಂದ್ರವನ್ನೇ ಮನೆಯ ಬುಡಕ್ಕೆ ತರುವ ಆಲೋಚನೆ ಆಮೇಲಿನದು. 1956ರ ಕಾಯ್ದೆ ಒಂಟಿ ಹಿರಿಯರಿಗೂ ಸಾರ್ವಜನಿಕ ವಸತಿಯ, ಅಂದರೆ ಸರ್ಕಾರಿ ಬಾಡಿಗೆ ಮನೆಗಳ, ಬಾಗಿಲು ತೆರೆಯಿತು. 1959ರ ವಸತಿ ಕಾಯ್ದೆಯ ಸೆಕ್ಷನ್ 202 ಲಾಭರಹಿತ ಸಂಸ್ಥೆಗಳಿಗೆ ಹಿರಿಯರ ಮನೆ ಕಟ್ಟಲು ನೇರ ಸಾಲ ಕೊಟ್ಟಿತು. 1960ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ತೆರೆದ ವಿಕ್ಟೋರಿಯಾ ಪ್ಲಾಜಾದಲ್ಲಿ ಮೇಲೆ ಮನೆಗಳು, ನೆಲಮಹಡಿಯಲ್ಲಿ ಹಿರಿಯರ ಕೇಂದ್ರ. ಮನೋವಿಜ್ಞಾನಿ ಫ್ರಾನ್ಸೆಸ್ ಕಾರ್ಪ್ ಅಲ್ಲಿ ಮನೆ ಸಿಕ್ಕವರನ್ನೂ ಅರ್ಜಿ ಹಾಕಿ ಸಿಗದೆ ಹೋದವರನ್ನೂ ಹೋಲಿಸಿದರು. ಸಿಕ್ಕವರು ಹೆಚ್ಚು ಚಟುವಟಿಕೆಯಿಂದ, ಹೆಚ್ಚು ತೃಪ್ತಿಯಿಂದ ಇದ್ದರು. ಅದೇ ವರ್ಷ ಜನವರಿ 1ರಂದು ಅರಿಜೋನಾದಲ್ಲಿ ಡೆಲ್ ವೆಬ್ ಕಂಪನಿಯ ಸನ್ ಸಿಟಿ ತೆರೆಯಿತು. ಮಾದರಿ ಮನೆಗಳ ಜೊತೆಗೇ ಗಾಲ್ಫ್ ಮೈದಾನ, ಮನರಂಜನಾ ಕೇಂದ್ರ, ಅಂಗಡಿಸಾಲು ಸಿದ್ಧವಾಗಿದ್ದವು. ಮಾರಿದ್ದು ಮನೆ ಎನ್ನುವುದಕ್ಕಿಂತ ದಿನಚರಿ ಎನ್ನಬೇಕು. ಹಣವಿದ್ದವರಿಗೆ ಅದು ಒಗ್ಗಿತು.

ಹಾಲ್ ಎಲ್ಲಿರಬೇಕು ಎಂಬುದಕ್ಕೆ ಉತ್ತರ ಹಿರಿಯರ ವಸತಿಗೆ ಸಂಬಂಧವೇ ಇಲ್ಲದ ಕಡೆಯಿಂದ ಬಂತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವಿವಾಹಿತರು ಇರುತ್ತಿದ್ದ ಎರಡಂತಸ್ತಿನ ಕಟ್ಟಡಗಳವು, ಮಹಡಿಗೆ ಐದು ಮನೆ. ಅಲ್ಲಿ ಯಾರು ಯಾರಿಗೆ ಸ್ನೇಹಿತರು ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಕೇಳಿ 1950ರಲ್ಲಿ ಪ್ರಕಟಿಸಿದರು. ಪಕ್ಕದ ಬಾಗಿಲಿನವರು ಸ್ನೇಹಿತರೆಂದು ಆಯ್ಕೆಯಾದದ್ದು ಶೇ. 41ರಷ್ಟು, ಒಂದು ಮನೆ ಬಿಟ್ಟು ಆಚೆಯವರು ಶೇ. 22, ಅದೇ ಮೊಗಸಾಲೆಯ ಇನ್ನೊಂದು ತುದಿಯವರು ಬರೀ ಶೇ. 10. ಮೆಟ್ಟಿಲು ಮತ್ತು ಅಂಚೆಪೆಟ್ಟಿಗೆಯ ಬಳಿ ಇದ್ದ ಕೆಳಮನೆಯವರಿಗೆ ಮಾತ್ರ ಮೇಲಿನ ಮಹಡಿಯಲ್ಲೂ ಹೆಚ್ಚು ಸ್ನೇಹಿತರಿದ್ದರು. 1960ರ ದಶಕದಲ್ಲಿ ಕ್ಲೀವ್‌ಲ್ಯಾಂಡ್‌ನ ಅಪಾರ್ಟ್‌ಮೆಂಟ್‌ಗಳನ್ನು ನೋಡಿದ ಸಮಾಜಶಾಸ್ತ್ರಜ್ಞ ಇರ್ವಿಂಗ್ ರೋಸೊ ಮತ್ತೊಂದು ಸಂಗತಿ ಸೇರಿಸಿದರು: ಕಟ್ಟಡದಲ್ಲಿ ಹಿರಿಯರು ಹೆಚ್ಚಿದ್ದಷ್ಟೂ ಅವರ ನೆರೆಹೊರೆಯ ಸ್ನೇಹವೂ ಹೆಚ್ಚು.

ಇದರ ವ್ಯಾವಹಾರಿಕ ಅರ್ಥ ಸರಳ. ಜನ ಹೇಗೂ ಓಡಾಡುವ ದಾರಿಯಲ್ಲಿ, ಅಂದರೆ ಲಿಫ್ಟ್ ಮತ್ತು ಅಂಚೆಪೆಟ್ಟಿಗೆಯ ಎದುರು, ಒಳಗೆ ಯಾರಿದ್ದಾರೆಂದು ಕಾಣುವ ಗಾಜಿನ ಬಾಗಿಲಿನ ಕೋಣೆ ತಾನಾಗಿ ತುಂಬುತ್ತದೆ. ತಾರಸಿಯಲ್ಲೋ ನೆಲಮಾಳಿಗೆಯಲ್ಲೋ ಇರುವ ದೊಡ್ಡ ಹಾಲ್‌ಗೆ ಹೋಗಲು ಮನಸ್ಸು ಗಟ್ಟಿ ಮಾಡಬೇಕು. ಕೈ ಇಲ್ಲದ ತಗ್ಗು ಸೋಫಾ ಮಂಡಿನೋವಿನವರನ್ನು ದೂರ ಇಡುತ್ತದೆ. ಸುಮಾರು 45 ಸೆಂ.ಮೀ. ಎತ್ತರದ, ಕೈ ಊರಿ ಏಳಬಹುದಾದ ಕುರ್ಚಿ ಬೇಕು. ಬರೀ ಟೈಲ್ಸ್, ಗಾಜು ಇರುವ ಕೋಣೆಯಲ್ಲಿ ಮಾತು ಪ್ರತಿಧ್ವನಿಸುವುದರಿಂದ ಶ್ರವಣಯಂತ್ರ ಹಾಕಿಕೊಂಡವರಿಗೆ ಏನೂ ತಿಳಿಯುವುದಿಲ್ಲ. ಅಂಥವರು ಎರಡನೇ ಸಲ ಬರುವುದಿಲ್ಲ, ಏಕೆಂದು ಹೇಳುವುದೂ ಇಲ್ಲ.

ಮನುಷ್ಯರ ಕಥೆಗೆ ಬರೋಣ. ಇಂಗ್ಲೆಂಡ್‌ನಲ್ಲಿ 1969ರ ಸರ್ಕಾರಿ ಸುತ್ತೋಲೆ 82/69 ಹಿರಿಯರ ವಸತಿಯ ಮಾನದಂಡಗಳನ್ನು ನಿಗದಿ ಮಾಡಿತು. ಸಾಮಾನ್ಯ ಕೋಣೆ, ತುರ್ತು ಕರೆಗಂಟೆಯ ಜೊತೆಗೆ ಅಲ್ಲೇ ವಾಸಿಸುವ ವಾರ್ಡನ್ ಆ ಕಾಲದ ಗುರುತಾದರು. ಯಾರ ಬಾಗಿಲು ಬೆಳಿಗ್ಗೆ ತೆರೆದಿಲ್ಲ ಎಂದು ಅವರಿಗೆ ಗೊತ್ತಿರುತ್ತಿತ್ತು. 2003ರಲ್ಲಿ ನೆರವಿನ ಸೇವೆಯ ಹಣವನ್ನು ಬಾಡಿಗೆಯಿಂದ ಬೇರ್ಪಡಿಸಿ ಪ್ರತ್ಯೇಕ ಅನುದಾನ ಮಾಡಲಾಯಿತು. ಆ ಹಣವನ್ನು ಬೇರೆ ಕೆಲಸಕ್ಕೆ ಬಳಸಬಾರದೆಂಬ ಕಟ್ಟುಪಾಡನ್ನೂ 2009ರಲ್ಲಿ ತೆಗೆದರು. ಬಹಳ ಕಡೆ ನಿವಾಸಿ ವಾರ್ಡನ್ ಹೋಗಿ, ಹಲವು ಕಟ್ಟಡ ಸುತ್ತುವ ಸಿಬ್ಬಂದಿ ಬಂದರು. ಹಾಲ್‌ಗಳು ಮಾತ್ರ ಹಾಗೇ ಉಳಿದವು.

ಅಮೆರಿಕದಲ್ಲಿ 1965ರ ಹಿರಿಯ ನಾಗರಿಕರ ಕಾಯ್ದೆ, 1972ರಲ್ಲಿ ಅದಕ್ಕೆ ಸೇರಿದ ಸಾಮೂಹಿಕ ಊಟದ ಯೋಜನೆ, 1973ರಲ್ಲಿ ಬಂದ, ಹಿರಿಯರ ಸೇವೆ ನೋಡಿಕೊಳ್ಳುವ ಪ್ರಾದೇಶಿಕ ಸಂಸ್ಥೆಗಳು ಊರೂರಲ್ಲಿ ಸೌಲಭ್ಯ ಹುಟ್ಟುಹಾಕಿದವು. 60 ದಾಟಿದವರಿಗೆ ಊಟ, ಕೈಲಾದಷ್ಟು ಕೊಡಬಹುದು, ಕೊಡದಿದ್ದರೂ ಊಟ ನಿರಾಕರಿಸುವಂತಿಲ್ಲ. ಆದರೆ ಸೌಲಭ್ಯ ಮತ್ತು ನಾಲ್ಕನೇ ಮಹಡಿಯ ಮನೆಯ ನಡುವೆ ಕೊಂಡಿ ಇರಲಿಲ್ಲ. 1990ರ ಕಾಯ್ದೆಯ ನಂತರವೇ ಸರ್ಕಾರಿ ನೆರವಿನ ಕಟ್ಟಡಗಳಲ್ಲಿ ಸೇವಾ ಸಂಯೋಜಕರ ಹುದ್ದೆಗೆ ದಾರಿಯಾಯಿತು. ಇವರು ಸ್ವತಃ ಆರೈಕೆ ಮಾಡುವಂತಿಲ್ಲ. ಅಗತ್ಯ ಗುರುತಿಸಿ, ಕೊಡುವವರ ಜೊತೆ ಜೋಡಿಸುವುದಷ್ಟೇ ಕೆಲಸ. ಮನರಂಜನಾ ನಿರ್ದೇಶಕರ ಕೆಲಸವನ್ನೋ ಕಚೇರಿ ಕೆಲಸವನ್ನೋ ಇವರಿಗೆ ವಹಿಸಬಾರದೆಂಬ ನಿಯಮವೂ ಇದೆ. ಅದು ಅನುಭವದ ಮಾತು. ಬಾಡಿಗೆ ಬಾಕಿ ಕೇಳಲು ಬರುವವರ ಹತ್ತಿರ 'ಬಚ್ಚಲಲ್ಲಿ ಜಾರಿಬಿದ್ದೆ' ಎಂದು ಯಾರು ಹೇಳುತ್ತಾರೆ?

ಹಿರಿಯರಿಗೆಂದು ಕಟ್ಟದ ಸಾಮಾನ್ಯ ಅಪಾರ್ಟ್‌ಮೆಂಟ್‌ಗಳ ಸಂಗತಿಯೇ ಬೇರೆ. ಅಲ್ಲಿ ಯುವಕರಾಗಿ ಬಂದವರೇ ಮುದುಕರಾಗುತ್ತಾರೆ. 1980ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮೈಕೆಲ್ ಹಂಟ್ ಇವನ್ನು ಸಹಜವಾಗಿ ರೂಪುಗೊಂಡ ನಿವೃತ್ತ ಸಮುದಾಯಗಳೆಂದು ಗುರುತಿಸಿದರು. ಉಡುಪು ಕಾರ್ಮಿಕರ ಸಂಘದ ನೆರವಿನಿಂದ 1962ರಲ್ಲಿ ಮ್ಯಾನ್‌ಹಟನ್‌ನಲ್ಲಿ ಎದ್ದ ಪೆನ್ ಸೌತ್ ಸಹಕಾರಿ ವಸತಿ ಇದಕ್ಕೆ ಒಳ್ಳೆಯ ಉದಾಹರಣೆ: 10 ಕಟ್ಟಡ, 2,820 ಮನೆ. 1986ರಲ್ಲಿ ಅಲ್ಲಿನ ನಿವಾಸಿಗಳು ಒಂದು ದಾನಸಂಸ್ಥೆಯ ಜೊತೆಗೂಡಿ ಸಮಾಜಕಾರ್ಯಕರ್ತರು, ನರ್ಸ್, ತರಗತಿಗಳನ್ನು ಆವರಣದೊಳಕ್ಕೇ ತಂದರು. ನ್ಯೂಯಾರ್ಕ್ ರಾಜ್ಯ 1994ರಲ್ಲಿ, ನಗರ 1999ರಲ್ಲಿ ಇಂಥ ಕಾರ್ಯಕ್ರಮಗಳಿಗೆ ಹಣ ಕೊಡಲು ಮುಂದಾದವು. 2002ರಲ್ಲಿ ಬಾಸ್ಟನ್‌ನಲ್ಲಿ ಕೆಲಸ ಶುರುಮಾಡಿದ ಬೀಕನ್ ಹಿಲ್ ವಿಲೇಜ್ ಎಂಬ ಹಿರಿಯರ ಸಂಘ ಸರ್ಕಾರಕ್ಕೂ ಕಾಯಲಿಲ್ಲ. ಸದಸ್ಯರು ಚಂದಾ ಹಾಕಿ ಸಿಬ್ಬಂದಿ ಇಟ್ಟರು.

ಸಂಬಳದ ಮನುಷ್ಯನಿಲ್ಲದ ಕಡೆ ಮೊದಲು ಹಾಳಾಗುವುದು ಸೌಲಭ್ಯಗಳ ಪಟ್ಟಿ. ಉತ್ಸಾಹದಿಂದ ನೂರು ಫೋನ್ ನಂಬರ್ ಕಲೆಹಾಕುತ್ತಾರೆ, ವರ್ಷದೊಳಗೆ ಎಷ್ಟೋ ಸತ್ತಿರುತ್ತವೆ. ಮೂರು ತಪ್ಪು ನಂಬರ್ ಸಿಕ್ಕಿದ ಮೇಲೆ ಆ ಹಾಳೆಯನ್ನು ಯಾರೂ ತೆರೆಯುವುದಿಲ್ಲ. ಇಪ್ಪತ್ತೇ ನಮೂದು ಇರಲಿ, ಪ್ರತಿಯೊಂದರ ಮುಂದೆ ವಯಸ್ಸಿನ ಅರ್ಹತೆ, ಬೇಕಾದ ದಾಖಲೆ, ಹೋಗುವ ದಾರಿ, ಕೊನೆಯ ಸಲ ಕರೆಮಾಡಿ ಖಚಿತಪಡಿಸಿದ ದಿನಾಂಕ ಇರಲಿ. ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಕರೆಮಾಡುವ ಹೊಣೆ ಸಮಿತಿಗಲ್ಲ, ಒಬ್ಬರ ಹೆಸರಿಗೆ ಇರಬೇಕು. 16 ಪಾಯಿಂಟ್ ಅಕ್ಷರದಲ್ಲಿ ಮುದ್ರಿಸಿ, ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿನ ಎತ್ತರಕ್ಕೆ ಅಂಟಿಸಬೇಕು. ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಹಾಕಿದರೆ ಅತಿ ಅಗತ್ಯವಿರುವವರೇ ತಪ್ಪಿಹೋಗುತ್ತಾರೆ.

ಸಂಬಳದ ಪ್ರಶ್ನೆಗೆ ಸಿಂಗಪುರ ಕೊಟ್ಟ ಉತ್ತರ ತುಸು ಬಿಗಿಯಾದದ್ದು. 2021ರ ಫೆಬ್ರವರಿಯಲ್ಲಿ ಬುಕಿಟ್ ಬಾಟೋಕ್‌ನಲ್ಲಿ 65 ದಾಟಿದವರಿಗೆ ಮಾರಾಟಕ್ಕಿಟ್ಟ ಸಮುದಾಯ ಆರೈಕೆ ಮನೆಗಳಲ್ಲಿ ಪ್ರತಿ ಮಹಡಿಗೂ ಒಂದು ಸಾಮಾನ್ಯ ಜಾಗವಿದೆ. ಜೊತೆಗೆ ಸ್ಥಳದಲ್ಲೇ ಇರುವ ಸಮುದಾಯ ವ್ಯವಸ್ಥಾಪಕರು, 24 ಗಂಟೆಯ ತುರ್ತು ನಿಗಾ, ಸಣ್ಣಪುಟ್ಟ ರಿಪೇರಿ ಸೇರಿದ ಮೂಲ ಸೇವೆಯ ಪ್ಯಾಕೇಜ್. ಮನೆ ಕೊಳ್ಳುವವರು ಅದನ್ನೂ ಕೊಳ್ಳಲೇಬೇಕು, ಬೇಡವೆಂದು ಬಿಡುವಂತಿಲ್ಲ.