ಡೆಕ್ಸಾ ರಿಪೋರ್ಟ್ ನಾರ್ಮಲ್, ಮೂಳೆ ಮಾತ್ರ ಮುರಿದಿದೆ

ಅಂಧೇರಿಯ ನನ್ನ ಕ್ಲಿನಿಕ್ಕಿಗೆ ಬರುವ ನಮ್ಮೂರ ಕಡೆಯವರಲ್ಲಿ ಹೆಚ್ಚಿನವರು ಹೋಟೆಲ್ ನಡೆಸುವವರು, ಇಲ್ಲವೆ ಅವರ ಮನೆಯವರು. ಅರವತ್ತು ದಾಟಿದವರಲ್ಲಿ ಸಕ್ಕರೆ ಕಾಯಿಲೆ ಇಲ್ಲದವರನ್ನು ಹುಡುಕಬೇಕು. ಮಳೆಗಾಲದಲ್ಲಿ ಸ್ಟೇಷನ್ ಮೆಟ್ಟಿಲಿನಲ್ಲೋ ಬಾತ್‌ರೂಮಿನಲ್ಲೋ ಜಾರಿ ತೊಡೆಮೂಳೆಯ ಕುತ್ತಿಗೆ ಮುರಿದುಕೊಂಡು ಬಂದಾಗ ಮನೆಯವರದು ಒಂದೇ ಪ್ರಶ್ನೆ: “ಡಾಕ್ಟ್ರೇ, ಹೋದ ವರ್ಷವಷ್ಟೇ ಡೆಕ್ಸಾ ಮಾಡಿಸಿದ್ದೆವಲ್ಲ, ನಾರ್ಮಲ್ ಅಂದಿದ್ದರಲ್ಲ? ಕ್ಯಾಲ್ಸಿಯಂ ಮಾತ್ರೆಯೂ ತಪ್ಪಿಸಿಲ್ಲ.”

ರಿಪೋರ್ಟ್ ಸುಳ್ಳಲ್ಲ. ಡೆಕ್ಸಾ ಎಂದರೆ ಮೂಳೆಯ ಸಾಂದ್ರತೆ ನೋಡುವ ಎಕ್ಸ್-ರೇ ಪರೀಕ್ಷೆ; ಅದು ಅಳೆಯುವುದು ಖನಿಜವನ್ನು ಮಾತ್ರ. ಮೂಳೆಯ ತೂಕದಲ್ಲಿ ಖನಿಜದ ಪಾಲು ಸುಮಾರು ಶೇ. 65, ಉಳಿದದ್ದರಲ್ಲಿ ಹೆಚ್ಚಿನದು ಪ್ರೋಟೀನು ಮತ್ತು ನೀರು. ಆ ಪ್ರೋಟೀನಿನಲ್ಲಿ ಶೇ. 90ರಷ್ಟು ಟೈಪ್-1 ಕೊಲಾಜೆನ್. ಕೋಳಿ ಮೂಳೆಯನ್ನು ಕೆಲವು ದಿನ ವಿನೆಗರಿನಲ್ಲಿ ಮುಳುಗಿಸಿಟ್ಟು ನೋಡಿ. ಖನಿಜ ಕರಗಿಹೋಗುತ್ತದೆ, ಆಕಾರ ಹಾಗೇ ಉಳಿಯುತ್ತದೆ, ಹಿಡಿದರೆ ರಬ್ಬರಿನಂತೆ ಬಾಗುತ್ತದೆ. ಹಾಗೆ ಉಳಿದದ್ದೇ ಕೊಲಾಜೆನ್. ಬಿದ್ದ ಪೆಟ್ಟನ್ನು ನುಂಗಿಕೊಳ್ಳುವ ಗುಣ ಮೂಳೆಗೆ ಬಂದಿರುವುದು ಅದರಿಂದ.

ಜೀವಕೋಶಗಳಿಗೆ ಅಪ್ಪಣೆ ಹೋಗುವುದೂ ಮೂಳೆಯಲ್ಲಿರುವ ಪ್ರೋಟೀನುಗಳ ಕಡೆಯಿಂದಲೇ. ನಮ್ಮ ಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಸೊಗಸಾದ ಭಾಗ ಇನ್ನೊಂದಿಲ್ಲ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಹಳೆಯದು ಹೋಗಿ ಹೊಸದಾಗುತ್ತದೆ. ಕೊರೆಯುವ ಕೋಶ ಆಸ್ಟಿಯೋಕ್ಲಾಸ್ಟ್, ಕಟ್ಟುವ ಕೋಶ ಆಸ್ಟಿಯೋಬ್ಲಾಸ್ಟ್. ಮೂಳೆಗೆ ಬಿಗಿಯಾಗಿ ಅಂಟಿ ಕೂರದೆ ಕೊರೆಯುವ ಕೋಶದ ಆಮ್ಲ ಕೆಲಸಕ್ಕೆ ಬಾರದು. ಅದಕ್ಕೆ ಹಿಡಿತ ಕೊಡುವವು ಆಸ್ಟಿಯೋಪಾಂಟಿನ್, ಬೋನ್ ಸಯಲೋಪ್ರೋಟೀನ್ ಎಂಬ ಪ್ರೋಟೀನುಗಳು. ಅವುಗಳಲ್ಲಿ ಅರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಈ ಮೂರು ಅಮೈನೋ ಆಮ್ಲಗಳು ಒಂದರ ಪಕ್ಕ ಒಂದಿರುವ ಜಾಗವೊಂದಿದೆ. ಕೋಶದ ಮೈಮೇಲಿನ ಇಂಟೆಗ್ರಿನ್ ಎಂಬ ಪ್ರೋಟೀನು ಅದನ್ನೇ ಗುರುತಿಸಿ ಹಿಡಿಯುತ್ತದೆ. ಕೊರೆತ ಕೆಲವೇ ವಾರಗಳ ಕೆಲಸ. ಕೊರೆಯುತ್ತಿದ್ದಂತೆ ಮೂಳೆಯೊಳಗೆ ಹುದುಗಿದ್ದ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನು ಹೊರಬಂದು, ಮುಂದೆ ಆಸ್ಟಿಯೋಬ್ಲಾಸ್ಟ್ ಆಗಬೇಕಾದ ಕೋಶಗಳನ್ನು ಅದೇ ಗುಂಡಿಗೆ ಕರೆಸಿಕೊಳ್ಳುತ್ತದೆ. ಗುಂಡಿ ತುಂಬಲು ಮೂರು-ನಾಲ್ಕು ತಿಂಗಳು ಬೇಕು. 1965ರಲ್ಲಿ ಅಮೆರಿಕದ ಮೂಳೆ ಶಸ್ತ್ರವೈದ್ಯ ಮಾರ್ಷಲ್ ಯುರಿಸ್ಟ್, ಖನಿಜ ತೆಗೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟು ಅಲ್ಲಿ ಹೊಸ ಮೂಳೆ ಬೆಳೆಯುವುದನ್ನು ತೋರಿಸಿದರು. ಅದಕ್ಕೆ ಕಾರಣವಾದ ಪ್ರೋಟೀನುಗಳಿಗೆ ಬಿಎಂಪಿ (ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್) ಎಂದು ಹೆಸರು. ಅವುಗಳಲ್ಲಿ ಒಂದನ್ನು ಕೊಲಾಜೆನ್ ಸ್ಪಂಜಿಗೆ ಹೀರಿಸಿ ಬೆನ್ನುಮೂಳೆ ಬೆಸೆಯಲು ಬಳಸಬಹುದೆಂದು ಅಮೆರಿಕ 2002ರಲ್ಲಿ ಒಪ್ಪಿತು.

ಈಗ ಸಕ್ಕರೆಗೆ ಬರೋಣ. ರಕ್ತದಲ್ಲಿ ಗ್ಲೂಕೋಸ್ ವರ್ಷಗಟ್ಟಲೆ ಏರಿಯೇ ಇದ್ದರೆ ಅದು ಕೊಲಾಜೆನ್ ಎಳೆಗಳಿಗೆ ಅಂಟಿಕೊಂಡು ಬೇಡದ ಕಡೆಯೆಲ್ಲ ಗಂಟು ಹಾಕುತ್ತದೆ. ಎಳೆ ಪೆಡಸಾಗುತ್ತದೆ. ಇಂಥ ಕೊಲಾಜೆನ್ನಿನ ಮೇಲೆ ಕಟ್ಟುವ ಕೋಶಕ್ಕೂ ಸರಿಯಾಗಿ ಕೆಲಸ ಸಾಗುವುದಿಲ್ಲ. ಟೈಪ್-2 ಮಧುಮೇಹದಲ್ಲಿ ಮೂಳೆ ಹೊಸದಾಗುವ ವೇಗವೇ ಕಡಿಮೆಯಾದ್ದರಿಂದ, ಕೆಟ್ಟದ್ದು ಹೆಚ್ಚು ಕಾಲ ಅಲ್ಲೇ ಉಳಿದು ಮತ್ತಷ್ಟು ಕೆಡುತ್ತದೆ. ಡೆಕ್ಸಾಗೆ ಇದ್ಯಾವುದೂ ಕಾಣದು. ಖನಿಜದ ಅಂಕಿ ಚೆನ್ನಾಗಿಯೇ, ಕೆಲವೊಮ್ಮೆ ಸರಾಸರಿಗಿಂತ ಮೇಲೆಯೇ ಇರುತ್ತದೆ.

ಕೊಲಾಜೆನ್ ಪೌಡರ್ ಕುಡಿಯಬಹುದೇ ಎಂದು ಕೇಳುವವರೂ ಇದ್ದಾರೆ. ಹೊಟ್ಟೆಗೆ ಹೋದ ಮೇಲೆ ಬಂಗುಡೆಯ ಪ್ರೋಟೀನಿನಂತೆ, ಹೆಸರುಬೇಳೆಯದರಂತೆ ಅದೂ ಚೂರುಚೂರಾಗುತ್ತದೆ. ಬೆಲೆ ಮಾತ್ರ ಬೇರೆ.

ಬಹಳ ವರ್ಷದಿಂದ ಮಧುಮೇಹ ಇರುವವರ ಡೆಕ್ಸಾ ನಾರ್ಮಲ್ ಬಂದರೆ ನಾನು ಅಲ್ಲಿಗೇ ಬಿಡುವುದಿಲ್ಲ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಪರೀಕ್ಷೆ) ಎಷ್ಟಿದೆ, ಕಣ್ಣು ಹೇಗಿದೆ, ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೇ ನೋಡುತ್ತೇನೆ. ಬೀಳುವುದಕ್ಕೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ. ಹೆಂಗಸರ ಚೀಟಿಯಲ್ಲಿ ಪಯೋಗ್ಲಿಟಜೋನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಕಂಡರೆ, ಬದಲಿಸಲು ಆದೀತೇ ಎಂದು ಅವರ ಫಿಸಿಶಿಯನ್ನರಿಗೆ ಬರೆಯುತ್ತೇನೆ. ಮೂಳೆ ಕಟ್ಟಬೇಕಾದ ಮಜ್ಜೆಯ ಕೋಶಗಳನ್ನು ಆ ಮಾತ್ರೆ ಕೊಬ್ಬಿನ ಕಡೆಗೆ ತಿರುಗಿಸುತ್ತದೆ. ಇನ್ನು ಮೂಳೆಮುರಿತದ ಅಪಾಯ ಲೆಕ್ಕ ಹಾಕುವ ಫ್ರ್ಯಾಕ್ಸ್: ಅದರ ಮೂಲ ಪಟ್ಟಿಯಲ್ಲಿ ಟೈಪ್-2 ಮಧುಮೇಹಕ್ಕೆ ಖಾನೆಯೇ ಇಲ್ಲ. ರೋಗಿಗೆ ರುಮಟಾಯ್ಡ್ ಸಂಧಿವಾತ ಇಲ್ಲದಿದ್ದರೂ ಪಟ್ಟಿಯಲ್ಲಿರುವ ಅದರ ಖಾನೆಗೆ ಟಿಕ್ ಹಾಕಿ, ಮಧುಮೇಹದ ಅಪಾಯವನ್ನು ಹಾಗೆ ಸೇರಿಸಿ ಲೆಕ್ಕ ಸರಿದೂಗಿಸಿಕೊಳ್ಳುತ್ತೇವೆ.