ಗಂಧಕದ ಜಾಡು ಹಿಡಿದು

ಮಟಮಟ ಮಧ್ಯಾಹ್ನ ಮರಳುಗಾಡಿನಲ್ಲಿ ಬರಿಗಾಲಲ್ಲಿ ನಿಂತರೆ ಅಂಗಾಲು ಸುಡಬೇಕು. ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಸುಡಲಿಲ್ಲ, ತಣ್ಣಗಿತ್ತು. ಚಪ್ಪಲಿ ಕಾರಿನಲ್ಲೇ ಬಿಟ್ಟು ದಿಬ್ಬ ಹತ್ತಿದೆ. ಕೈಯಿಂದ ಕೆದಕಿದರೆ ಗೇಣು ಆಳದೊಳಗೇ ತೇವ. ಬಿಸಿಲನ್ನು ಬಹುಪಾಲು ಹಿಂದಕ್ಕೆ ಎರಚಿಬಿಡುವ ಬಿಳುಪು, ಕೆಳಗಿನಿಂದ ಆವಿಯಾಗುತ್ತಲೇ ಇರುವ ನೀರು, ಎರಡೂ ಸೇರಿ ಈ ತಂಪು. ಬೆರಳ ನಡುವೆ ಹೊಸಕಿದೆ. ನಮ್ಮ ಹೊಳೆಮರಳಿನಂತೆ ಗರಗರ ಎನ್ನದೆ ಪುಡಿಯಾಗಿ ಚರ್ಮಕ್ಕೆ ಮೆತ್ತಿಕೊಂಡಿತು. ಇದು ಜಿಪ್ಸಂ. ಊರಲ್ಲಿ ಶೇಂಗಾ ಹೂ ಬಿಟ್ಟ ಮೇಲೆ ಅಪ್ಪ ಸಾಲಿನ ಬುಡಕ್ಕೆ ಹಾಕುತ್ತಿದ್ದ ಅದೇ ಜಿಪ್ಸಂ. ಶಾಲೆಯ ಸೀಮೆಸುಣ್ಣವೂ ಬಹುಮಟ್ಟಿಗೆ ಇದೇ.

ಕ್ಯಾಲ್ಸಿಯಂ, ಗಂಧಕ, ಆಮ್ಲಜನಕ, ಜೊತೆಗೆ ಕೊಂಚ ನೀರು: ಜಿಪ್ಸಂ ಎಂದರೆ ಇಷ್ಟು. ಮೂರು ದಿನ ಒಬ್ಬಳೇ ಕಾರು ಓಡಿಸಿಕೊಂಡು ನಾನು ಹಿಂಬಾಲಿಸಿದ್ದು ಇದರೊಳಗಿನ ಗಂಧಕವನ್ನು. ಎಲ್ ಪಾಸೊದಿಂದ ಹೊರಟು ವೈಟ್ ಸ್ಯಾಂಡ್ಸ್, ಅಲ್ಲಿಂದ ಬೆಟ್ಟ ದಾಟಿ ಕಾರ್ಲ್ಸ್‌ಬಾದ್ ಗುಹೆ, ಆಮೇಲೆ ಗ್ವಾಡಲೂಪೆ ಬೆಟ್ಟಗಳ ಪಕ್ಕದ ರಸ್ತೆಯಲ್ಲಿ ವಾಪಸು. ಒಬ್ಬಳೇ ಯಾಕೆ ಎಂದು ಅಮ್ಮ ಫೋನಿನಲ್ಲಿ ಕೇಳಿದ್ದಳು. ಕಲ್ಲು ಕಂಡಲ್ಲೆಲ್ಲ ಗಾಡಿ ನಿಲ್ಲಿಸಿದರೆ ಜೊತೆಗೆ ಬಂದವರಿಗೆ ಬೇಜಾರಾಗುತ್ತದೆ ಅಮ್ಮಾ ಎಂದಿದ್ದೆ. ನಿಜವೂ ಅದೇ.

ಜಿಪ್ಸಂ ಮರಳಿನ ದಿಬ್ಬಗಳು ಜಗತ್ತಿನಲ್ಲಿ ತೀರಾ ಅಪರೂಪ. ಒಂದು ಲೀಟರ್ ನೀರಿನಲ್ಲಿ ಸುಮಾರು 2.5 ಗ್ರಾಂ ಜಿಪ್ಸಂ ಕರಗಿಬಿಡುತ್ತದೆ, ಹಾಗಾಗಿ ಮಳೆ ಬಿದ್ದರೆ ಹೊಳೆ ಹಿಡಿದು ಕಡಲಿಗೆ ಹೋಗುತ್ತದೆ. ಆದರೆ ವೈಟ್ ಸ್ಯಾಂಡ್ಸ್ ಇರುವ ಟುಲರೋಸಾ ಕಣಿವೆ ಸುತ್ತಲೂ ಅಂಚಿರುವ ತಟ್ಟೆ. ಬೆಟ್ಟದ ಕಲ್ಲುಗಳಿಂದ ಜಿಪ್ಸಂ ಕರಗಿಸಿಕೊಂಡು ಇಳಿಯುವ ನೀರಿಗೆ ಇಲ್ಲಿಂದ ಹೊರದಾರಿಯಿಲ್ಲ. ತಗ್ಗಿನಲ್ಲಿ ನಿಂತು ಆವಿಯಾಗುತ್ತದೆ, ಹರಳು ಉಳಿಯುತ್ತದೆ, ಗಾಳಿ ಅದನ್ನು ಒಡೆದು ಸವೆಸಿ ಮರಳಾಗಿಸಿ ದಿಬ್ಬ ಕಟ್ಟುತ್ತದೆ. 700 ಚದರ ಕಿಲೋಮೀಟರಿಗೂ ಹೆಚ್ಚಿನ ಈ ಹರವು ಜಗತ್ತಿನ ಅತಿ ದೊಡ್ಡ ಜಿಪ್ಸಂ ಮರಳುಗಾಡು.

ಮರುದಿನ ಕ್ಲೌಡ್‌ಕ್ರಾಫ್ಟ್‌ನ ಪೈನ್ ಕಾಡು ಹತ್ತಿ ಇಳಿದೆ. ಆರ್ಟೀಷಿಯಾ ಊರು ಬರುವ ಹೊತ್ತಿಗೆ ಹಸಿರು ಮುಗಿದು, ರಸ್ತೆಯ ಎರಡೂ ಬದಿ ತಲೆದೂಗುವ ಎಣ್ಣೆ ಪಂಪುಗಳು. ಬಾವಿಗಳ ಬೇಲಿಗೆ ಹಳದಿ ಹಲಗೆ: ವಿಷಾನಿಲ, ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ನಾತದ ಅನಿಲ ಅದು. ಆ ಹಲಗೆಯ ಮುಂದೆ ಎಷ್ಟೋ ಜನ ಗಾಡಿ ಓಡಿಸಿಕೊಂಡು ಹೋಗುತ್ತಾರೆ. ಗುಹೆ ಕೊರೆದ ಆಮ್ಲದ ಮೂಲ ಅದೇ ಅನಿಲ ಎಂದು ಅಲ್ಲೇ ಒಂದು ಸಾಲು ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಸುಣ್ಣಕಲ್ಲಿನ ಗುಹೆಗಳು ಸಾಮಾನ್ಯವಾಗಿ ಮೇಲಿನಿಂದ ಶುರುವಾಗುತ್ತವೆ. ಮಳೆನೀರು ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿ ಸಣ್ಣ ಹುಳಿಯಾಗಿ, ಬಿರುಕು ಹಿಡಿದು ಇಳಿದು, ಒಳಗೆ ಹೊಳೆಯಾಗಿ ಹರಿಯುತ್ತದೆ. ನಮಗೆ ಹತ್ತಿರದ, ಆಂಧ್ರದ ಬೆಲುಂ ಗುಹೆಯಲ್ಲಿ ಆ ಹರಿವಿನ ಗುರುತು ಗೋಡೆಗಳ ಮೇಲೆ ಕಾಣುತ್ತದೆ. ಕಾರ್ಲ್ಸ್‌ಬಾದ್‌ನಲ್ಲಿ ಹಾಗಿಲ್ಲ. ಬಾವಲಿಗಳ ಹಿಕ್ಕೆಯ ಘಾಟು ಬರುವ ದೊಡ್ಡ ಬಾಯಿಯಿಂದ ಸುತ್ತುಸುತ್ತಿ ಎರಡು ಕಿಲೋಮೀಟರು ನಡೆದು, ನೆಲದಿಂದ 230 ಮೀಟರ್ ಕೆಳಗಿನ 'ಬಿಗ್ ರೂಮ್' ತಲುಪಿದೆ. ಎಂಟು ಎಕರೆ ವಿಸ್ತಾರದ ಒಂದೇ ಕೋಣೆ. ಹೊರಗೆ ಬೆವರು, ಒಳಗೆ 13 ಡಿಗ್ರಿ. ಇಷ್ಟು ದೊಡ್ಡದನ್ನು ಕೊರೆಯಲು ಬೇಕಾದ ಹೊಳೆಯ ಸುಳಿವೇ ಇಲ್ಲ.

ಕೊರೆದದ್ದು ಕೆಳಗಿನಿಂದ ಬಂದ ಗಂಧಕಾಮ್ಲ. ಪಕ್ಕದ ತಗ್ಗಿನ ಎಣ್ಣೆ ಮತ್ತು ಅನಿಲವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಹಿಂದೊಮ್ಮೆ ಅಲ್ಲಿ ಬತ್ತಿದ ಸಮುದ್ರ ಬಿಟ್ಟುಹೋದ ಜಿಪ್ಸಂನಿಂದ ಆಮ್ಲಜನಕ ಕಿತ್ತುಕೊಂಡು ಹೈಡ್ರೋಜನ್ ಸಲ್ಫೈಡ್ ಬಿಟ್ಟವು. ಅದು ಮೇಲೇರಿ ಆಮ್ಲಜನಕವಿದ್ದ ಅಂತರ್ಜಲಕ್ಕೆ ಬೆರೆತು ಗಂಧಕಾಮ್ಲವಾಯಿತು. ಆಮ್ಲ ಸುಣ್ಣಕಲ್ಲನ್ನು ತಿಂದಾಗ ಉಳಿಯುವ ವಸ್ತು ಮತ್ತೆ ಜಿಪ್ಸಂ! ಬಿಗ್ ರೂಮ್‌ನ ನೆಲದಲ್ಲಿ ಅದರ ದಿಮ್ಮಿಗಳು ಈಗಲೂ ಇವೆ. ಕಾಲುದಾರಿಯ ಕಂಬಿಗೆ ಒರಗಿ ಒಂದನ್ನು ಬಹಳ ಹೊತ್ತು ನೋಡಿದೆ. ಮಾಸಲು ಬಿಳುಪು, ಮೇಲೆ ಬೈರಿಗೆಯಿಂದ ಕೊರೆದಂತೆ ನೆಟ್ಟಗಿನ ತೂತುಗಳು. ಚಾವಣಿಯಿಂದ ಒಂದೇ ಜಾಗಕ್ಕೆ ತೊಟ್ಟಿಕ್ಕಿದ ನೀರಿನ ಕೆಲಸ ಅದು. ಎಲ್ಲರ ಕ್ಯಾಮೆರಾ ಇಳಿಬಿದ್ದ ಸುಣ್ಣದ ಕಂಬಗಳ ಕಡೆಗಿತ್ತು. ಅವು ಚೆಂದವೇ, ಆದರೆ ಬೆಟ್ಟ ಮೇಲೆದ್ದು ನೀರು ಬಸಿದುಹೋದ ಮೇಲೆ ಬಂದ ಅಲಂಕಾರ. ಗುಹೆ ಹುಟ್ಟಿದ ಕಥೆ ಇರುವುದು ಈ ಮಂಕು ದಿಮ್ಮಿಯಲ್ಲಿ.

ಸಾಕ್ಷಿಯೂ ಅದರಲ್ಲೇ ಸಿಕ್ಕಿತು. ಆ ಸೂಕ್ಷ್ಮಜೀವಿಗಳಿಗೆ ಹಗುರ ಪರಮಾಣುವಿನ ಗಂಧಕವೇ ಹೆಚ್ಚು ರುಚಿ. ಗುಹೆಯ ಜಿಪ್ಸಂನ ಗಂಧಕ ಸಮುದ್ರದ ಜಿಪ್ಸಂನದಕ್ಕಿಂತ ಹಗುರ. ಅಂದರೆ ಒಮ್ಮೆ ಜೀವಿಗಳ ಹೊಟ್ಟೆ ಹಾದು ಬಂದಿದೆ. ಆಮ್ಲ ತಾಗಿದ ಜೇಡಿಯಲ್ಲಿ ಅಲುನೈಟ್ ಎಂಬ ಪೊಟ್ಯಾಸಿಯಂ ಖನಿಜವೂ ಹುಟ್ಟುತ್ತದೆ. ಪೊಟ್ಯಾಸಿಯಂನ ಒಂದಂಶ ನಿಧಾನವಾಗಿ ಆರ್ಗಾನ್ ಅನಿಲ ಆಗುವುದರಿಂದ ಅದೊಂದು ಗಡಿಯಾರ. ಭೂವಿಜ್ಞಾನಿ ವಿಕ್ಟರ್ ಪಾಲ್ಯಾಕ್ ಮತ್ತು ಸಂಗಡಿಗರು 1998ರಲ್ಲಿ ಆ ಗಡಿಯಾರ ಓದಿದರು: ಬಿಗ್ ರೂಮ್‌ಗೆ ಸುಮಾರು 40 ಲಕ್ಷ ವರ್ಷ, ಬೆಟ್ಟದ ಮೇಲ್ಮಟ್ಟದ ಹಳೆಯ ಗುಹೆಗಳಿಗೆ ಒಂದು ಕೋಟಿಗೂ ಮೇಲೆ.

ಸಂಜೆ ಬಾವಲಿಗಳು ಸುರುಳಿಸುತ್ತಿ ಹೊರಟವು. ಅಲ್ಲಿ ಫೋನು ತೆಗೆಯುವಂತಿಲ್ಲ. ಒಳ್ಳೆಯ ನಿಯಮ, ರೆಕ್ಕೆಗಳ ಸದ್ದು ಕೇಳಿಸುತ್ತದೆ.

ಮೂರನೆಯ ದಿನ ಟ್ಯಾಂಕ್ ತುಂಬಿಸಿಕೊಂಡೇ ಹೊರಟೆ, ಆ ದಾರಿಯಲ್ಲಿ ಪೆಟ್ರೋಲ್ ಬಂಕ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಟೆಕ್ಸಸ್ ಗಡಿಯ ಹತ್ತಿರ ರಸ್ತೆಗಾಗಿ ಗುಡ್ಡ ಕಡಿದ ಜಾಗವೊಂದಿದೆ. ಗೋಡೆಯ ತುಂಬ ಕಪ್ಪು ಬಿಳಿ ಗೆರೆಗಳು, ಕೆಲವೆಡೆ ಸೀರೆಯ ನೆರಿಗೆಯಂತೆ ಮಡಿಕೆ. ಸುಮಾರು 26 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಕಡಲು ಹೊರಗಿನ ನೀರಿನ ನಂಟು ಕಳೆದುಕೊಂಡು ಬತ್ತತೊಡಗಿದಾಗ ಕೂತ ಪದರಗಳಿವು. ಬಿಳಿ ಪದರ ಜಿಪ್ಸಂ, ಕಪ್ಪು ಪದರ ಸುಣ್ಣ ಮತ್ತು ಜೀವಿಗಳ ಕಸ. ಒಂದು ಬಿಳಿ, ಒಂದು ಕಪ್ಪು ಸೇರಿದರೆ ಒಂದು ವರ್ಷ. ಇಂಥ ಎರಡು ಲಕ್ಷಕ್ಕೂ ಮೀರಿದ ಜೋಡಿಗಳನ್ನು ವಿಜ್ಞಾನಿಗಳು ಎಣಿಸಿದ್ದಾರೆ. ಇಲ್ಲಿಯ ಒಂದು ಗೆರೆಯನ್ನು ನೂರು ಕಿಲೋಮೀಟರು ಆಚೆ ನೆಲ ಕೊರೆದು ತೆಗೆದ ಕಲ್ಲಿನಲ್ಲಿ ಗುರುತು ಹಚ್ಚಿದ್ದಾರೆ. ಆ ಸೂಕ್ಷ್ಮಜೀವಿಗಳು ತಿಂದದ್ದು ಈ ಜಿಪ್ಸಂ. ವೈಟ್ ಸ್ಯಾಂಡ್ಸ್‌ನದು ಪರ್ಮಿಯನ್ ಎಂದು ಕರೆಯುವ ಇದೇ ಭೂಯುಗದ್ದು, ಬೇರೆ ಪದರದ ದಾಯಾದಿ.

ಪಡುವಣಕ್ಕೆ ಎಲ್ ಕ್ಯಾಪಿಟಾನ್ ಬಂಡೆ ನಿಂತಿತ್ತು. ಅದು ಆ ಕಡಲಂಚಿನಲ್ಲಿ ಸ್ಪಂಜುಗಳು, ಪಾಚಿಗಳು ಕಟ್ಟಿದ ದಿಬ್ಬ, ಗುಹೆಯೂ ಇರುವುದು ಅದರದೇ ಸುಣ್ಣಕಲ್ಲಿನಲ್ಲಿ. ನಾನು ಗೋಡೆಗೆ ಮುಖವಿಟ್ಟು, ಮೊಣಕೈ ಮಟ್ಟದಿಂದ ಒಂದು ಗೇಣು ಅಳೆದು, ಬೆರಳಿಟ್ಟು ವರ್ಷ ಎಣಿಸತೊಡಗಿದೆ. ತೊಂಬತ್ತೆರಡಕ್ಕೆ ಲಾರಿಯೊಂದು ಹಾದುಹೋಗಿ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಿದೆ.