ಗಣಿ ರಸ್ತೆಯ ನೀರು ಯಾರ ಕಡತದಲ್ಲಿದೆ?

ಮಳೆಗಾಲದಲ್ಲಿ ಗಣಿಯಿಂದ ಹಳ್ಳಕ್ಕಿಳಿಯುವ ಕೆಂಪು ನೀರಿನ ಜಾಡು ಹಿಡಿದು ಮೇಲೆ ಹತ್ತಿದರೆ ಬಹಳ ಸಲ ಸಿಗುವುದು ಅದಿರು ಸಾಗಿಸುವ ರಸ್ತೆ. 500 ಮೀಟರ್ ಉದ್ದ, 20 ಮೀಟರ್ ಅಗಲದ ರಸ್ತೆಯ ವಿಸ್ತೀರ್ಣ ಒಂದು ಹೆಕ್ಟೇರ್. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದರೆ ಅದರ ಮೇಲೆ ಬೀಳುವ ನೀರು 500 ಘನ ಮೀಟರ್. ಡಂಪರ್ ಓಡಾಡಿ ಗಟ್ಟಿಯಾದ ನೆಲದಲ್ಲಿ ಇಂಗುವುದು ತೀರ ಕಡಿಮೆ. ಹೀಗಿದ್ದರೂ ನಮ್ಮ ಗಣಿ ಕಾನೂನು ರಸ್ತೆಯನ್ನೂ ಚರಂಡಿಯನ್ನೂ ಒಟ್ಟಿಗೆ ನೋಡುತ್ತಾ ಬೆಳೆಯಲಿಲ್ಲ. ಎರಡಕ್ಕೂ ಬೇರೆ ಇಲಾಖೆ, ಬೇರೆ ಕಡತ.

ರಸ್ತೆಯ ಕಡತ ಹಳೆಯದು. 1952ರ ಗಣಿ ಕಾಯ್ದೆಯಡಿ 1961ರಲ್ಲಿ ಮೆಟಲಿಫೆರಸ್ ಮೈನ್ಸ್ ರೆಗ್ಯುಲೇಷನ್ಸ್, ಅಂದರೆ ಅದಿರು ಗಣಿಗಳ ಸುರಕ್ಷತಾ ನಿಯಮಾವಳಿ ಬಂತು. ಗಟ್ಟಿ ನೆಲದಲ್ಲಿ ಬೆಂಚಿನ (ಗಣಿಯ ಗೋಡೆಯಲ್ಲಿ ಮೆಟ್ಟಿಲಿನಂತೆ ಅಗೆದ ಹಂತದ) ಎತ್ತರ 6 ಮೀಟರ್ ಮೀರಬಾರದು, ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು ಎನ್ನುವ ಅದರ 106ನೇ ನಿಯಮ ಕೈಯಲ್ಲಿ ಅಗೆಯುವ ಕಾಲಕ್ಕೆ ಹೊಂದುವಂಥದ್ದು. ದೊಡ್ಡ ಯಂತ್ರಗಳು ಬಂದಾಗ ಗಣಿಗಳು ಈ ನಿಯಮದಿಂದ ಸಡಿಲಿಕೆ ಕೇಳಿದವು. ಧನಬಾದ್‌ನಲ್ಲಿ ಕೇಂದ್ರ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ (ಡಿಜಿಎಂಎಸ್) ಸಡಿಲಿಕೆ ಕೊಡುವಾಗ ರಸ್ತೆಯ ಷರತ್ತುಗಳನ್ನೂ ಸೇರಿಸಿತು. ಇಳಿಜಾರು 16ಕ್ಕೆ 1ಕ್ಕಿಂತ ಕಡಿದಾಗಿರಬಾರದು, ಚಿಕ್ಕ ರ‍್ಯಾಂಪಿಗೆ ಮಾತ್ರ 10ಕ್ಕೆ 1ರವರೆಗೆ ಅವಕಾಶ. ರಸ್ತೆ ಎತ್ತರದಲ್ಲಿರುವ ಕಡೆ ಅಂಚಿಗೆ ಮಣ್ಣಿನ ದಿಂಡು, ಅಂದರೆ ಬರ್ಮ್. ಅದರ ಎತ್ತರ ಅಲ್ಲಿ ಓಡುವ ಅತಿ ದೊಡ್ಡ ವಾಹನದ ಟೈರಿನ ವ್ಯಾಸಕ್ಕಿಂತ ಕಡಿಮೆ ಇರಬಾರದು. ಪ್ರತಿ ಷರತ್ತಿನ ಹಿಂದೆಯೂ ಚಾಲಕನ ಜೀವದ ಕಾಳಜಿಯಿದೆ. ನೀರಿನ ಯೋಚನೆ ಮಾತ್ರ ಅಲ್ಲಿ ಕಡಿಮೆ.

ನೀರಿನ ಕಡತ ತೆರೆದದ್ದು ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಗಳೊಂದಿಗೆ, 1994ರಲ್ಲಿ ಮತ್ತು ಪುನಃ 2006ರಲ್ಲಿ. ಪರಿಸರ ಅನುಮತಿ ಪತ್ರಗಳಲ್ಲಿ ಒಂದು ಷರತ್ತು ಮತ್ತೆ ಮತ್ತೆ ಬರುತ್ತದೆ: ಗಣಿಯ ಗುಂಡಿ ಮತ್ತು ಅಗೆದು ಹಾಕಿದ ಮಣ್ಣಿನ ರಾಶಿಯ ಸುತ್ತ ಗಾರ್ಲ್ಯಾಂಡ್ ಡ್ರೈನ್ (ಹಾರದಂತೆ ಸುತ್ತುವರಿಯುವ ಚರಂಡಿ), ಅದರ ಮೂಲೆಗಳಲ್ಲಿ ಹೂಳುಗುಂಡಿ, 50 ವರ್ಷಗಳ ಮಳೆ ಅಂಕಿಅಂಶ ಆಧರಿಸಿದ ಗರಿಷ್ಠ ಹರಿವಿನ ಮೇಲೆ ಇನ್ನೂ ಶೇ 50ರಷ್ಟು ಹೆಚ್ಚುವರಿ ಸಾಮರ್ಥ್ಯದ ಸಂಪು. ಷರತ್ತು ಒಳ್ಳೆಯದೇ. ಆದರೆ ಗುಂಡಿ ಮತ್ತು ರಾಶಿಯ ಮಾತಾಡುವ ಈ ಪತ್ರ ರಸ್ತೆಯನ್ನು ಮರೆಯುತ್ತದೆ.

ತೊಂದರೆ ಹುಟ್ಟುವುದು ಈ ಸಂದಿಯಲ್ಲಿ. ಸುರಕ್ಷತೆಗೆಂದು ಎರಡೂ ಅಂಚಿಗೆ ಬಿಡುವಿಲ್ಲದೆ ಬರ್ಮ್ ಹಾಕಿದರೆ ರಸ್ತೆಯೇ ಕಾಲುವೆಯಾಗುತ್ತದೆ. ನೀರು ಹೊರಬೀಳಲು ದಾರಿಯಿಲ್ಲದೆ ಇಳಿಜಾರಿನುದ್ದಕ್ಕೂ ವೇಗ ಪಡೆದು, ಮೇಲ್ಪದರದ ಜಲ್ಲಿಯ ನಡುವಿನ ಸಣ್ಣ ಮಣ್ಣನ್ನು ಕಿತ್ತು, ತಿರುವಿನಲ್ಲಿ ಬರ್ಮನ್ನೇ ಒಡೆಯುತ್ತದೆ. ಒಡೆದ ಜಾಗದ ಕೆಳಗೆ ಮಣ್ಣಿನ ರಾಶಿ ಇದ್ದರೆ ಒಂದೇ ಮಳೆಗೆ ಕೊರಕಲು ಬೀಳುತ್ತದೆ. ಸರಿಯಾದ ವಿನ್ಯಾಸದಲ್ಲಿ ರಸ್ತೆಗೆ ಶೇ 2ರಿಂದ 3ರಷ್ಟು ಅಡ್ಡ ಇಳಿಜಾರಿದ್ದು, ನೀರು ಗುಡ್ಡದ ಬದಿಯ ಚರಂಡಿಗೆ ಸೇರುತ್ತದೆ. ಬರ್ಮಿನಲ್ಲಿ ಕಿಂಡಿ ಬಿಡಲೇಬೇಕಾದ ಕಡೆ ಎರಡು ತುದಿಗಳನ್ನು ಒಂದರ ಹಿಂದೊಂದು ಬರುವಂತೆ ಜೋಡಿಸುತ್ತಾರೆ: ನೀರು ನುಸುಳುತ್ತದೆ, ಡಂಪರ್ ನುಸುಳುವುದಿಲ್ಲ. ಕಿಂಡಿಯಿಂದ ಕೆಳಗಿನ ಚರಂಡಿವರೆಗೆ ಕಲ್ಲು ಹಾಸಿದ ಇಳಿಜಾರು ಕಾಲುವೆ ಇರಲೇಬೇಕು.

ಕರ್ನಾಟಕದಲ್ಲಿ ಈ ವಿಷಯ ನ್ಯಾಯಾಲಯದ ಮೂಲಕವೇ ಮುಂಚೂಣಿಗೆ ಬಂತು. ಕುದುರೆಮುಖದ ಕಬ್ಬಿಣದ ಅದಿರು ಗಣಿಯ ವಿವಾದದ ನಡುವಿದ್ದದ್ದು ಭದ್ರೆಗೆ ಸೇರುವ ಹೂಳು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ ಅಲ್ಲಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಮುಂದಿನ ತಿಂಗಳು ತುಮಕೂರು ಮತ್ತು ಚಿತ್ರದುರ್ಗದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಗೆ ತಡೆ ಬಿತ್ತು. 2013ರ ಏಪ್ರಿಲ್ 18ರ ತೀರ್ಪು ಅಕ್ರಮದ ಪ್ರಮಾಣದಂತೆ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು ಒಪ್ಪಿ ‘ಸಿ’ ವರ್ಗವನ್ನು ರದ್ದು ಮಾಡಿತು. ಉಳಿದವುಗಳ ಪುನರಾರಂಭ ಸುಧಾರಣೆ ಮತ್ತು ಪುನರ್ವಸತಿ ಯೋಜನೆಗೆ ಗಂಟುಬಿತ್ತು. ತಡೆಗೋಡೆ, ಗಾರ್ಲ್ಯಾಂಡ್ ಡ್ರೈನ್, ಚೆಕ್ ಡ್ಯಾಮ್, ಕೊರಕಲು ತಡೆಗಳು ಈ ಯೋಜನೆಗಳ ಮುಖ್ಯ ಅಂಶಗಳು. ಚರಂಡಿ ಕಟ್ಟದೆ ಅದಿರು ತೆಗೆಯುವಂತಿಲ್ಲ ಎಂಬ ಸ್ಥಿತಿ ಬಂದದ್ದು ನಿಜಕ್ಕೂ ದೊಡ್ಡ ಬದಲಾವಣೆ.

ಆದರೆ ಕಟ್ಟಿದ್ದು ಸಾಲುತ್ತದೆಯೇ ಎಂಬುದನ್ನು ಲೆಕ್ಕವೇ ಹೇಳಬೇಕು. 20 ಹೆಕ್ಟೇರ್ ಜಲಾನಯನ, ಗಂಟೆಗೆ 90 ಮಿ.ಮೀ. ಮಳೆಯ ತೀವ್ರತೆ, ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು) 0.7 ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿ, ಏಕಮಾನ ಸರಿಹೊಂದಿಸಲು 360ರಿಂದ ಭಾಗಿಸಿದರೆ ಗರಿಷ್ಠ ಹರಿವು ಸೆಕೆಂಡಿಗೆ 3.5 ಘನ ಮೀಟರ್. ನೀರು ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಹರಿದರೆ ಚರಂಡಿಯ ಅಡ್ಡಕೊಯ್ತ ಸುಮಾರು 2.3 ಚದರ ಮೀಟರ್ ಬೇಕು, ನೀರಿನ ಮಟ್ಟದ ಮೇಲೆ 30 ಸೆಂ.ಮೀ. ಖಾಲಿ ಬಿಡಬೇಕು. ರಸ್ತೆ ದಾಟಿಸಲು 900 ಮಿ.ಮೀ. ವ್ಯಾಸದ ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಒಂದಾದರೆ ಸಾಲದು. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಅದು ಒಯ್ಯುವುದು ಸುಮಾರು 1.3 ಘನ ಮೀಟರ್ ಮಾತ್ರ, ಹಾಗಾಗಿ ಮೂರು ಬೇಕು.

ಹೂಳುಗುಂಡಿಯ ಲೆಕ್ಕ ಇನ್ನೂ ಕಠಿಣ. 50 ಮೈಕ್ರಾನ್ (ಮಿ.ಮೀ.ನ ಇಪ್ಪತ್ತನೇ ಒಂದು ಭಾಗ) ಗಾತ್ರದ ಮಣ್ಣಿನ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 2.2 ಮಿ.ಮೀ. ಇಳಿಯುತ್ತದೆ, 20 ಮೈಕ್ರಾನ್ ಕಣ 0.36 ಮಿ.ಮೀ. ಮಾತ್ರ. ಅದೇ ಗರಿಷ್ಠ ಹರಿವಿಗೆ ಮೊದಲನೆಯದನ್ನು ತಡೆಯಲು ಸುಮಾರು 1,600 ಚದರ ಮೀಟರ್ ನೀರಿನ ಹರವು ಸಾಕಾದರೆ, ಎರಡನೆಯದಕ್ಕೆ ಹೆಚ್ಚುಕಡಿಮೆ ಒಂದು ಹೆಕ್ಟೇರೇ ಬೇಕು. ಗುಂಡಿಯ ಆಳ ಹೆಚ್ಚಿಸಿದರೆ ಹೂಳಿಗೆ ಜಾಗವಾದೀತು, ನುಣ್ಣನೆಯ ಕಣ ನಿಲ್ಲುವುದಿಲ್ಲ. ಅದಕ್ಕೇ ಮೇಲಿನಿಂದಲೇ ನೀರನ್ನು ಹಂಚಿ, ತಡೆದು, ನಿಧಾನಿಸಬೇಕು. ರಸ್ತೆಯ ವಿನ್ಯಾಸ ಚರಂಡಿಯ ಪರಿಶೀಲನೆಯೊಳಗೆ ಬರಬೇಕಾದದ್ದು ಇದೇ ಕಾರಣಕ್ಕೆ.

ಪರಿಶೀಲನೆಗೆ ಬರುವ ನಕ್ಷೆಯಲ್ಲಿ ರಸ್ತೆಯ ಉದ್ದಕೊಯ್ತ, ಬರ್ಮಿನ ಕಿಂಡಿಗಳು, ಪ್ರತಿ ಪೈಪಿನ ವ್ಯಾಸ ಮತ್ತು ತಳಮಟ್ಟ, ನೀರು ಕೊನೆಗೆ ಸೇರುವ ಹಳ್ಳ ಒಂದೇ ಹಾಳೆಯಲ್ಲಿರಬೇಕು. ಗಣಿ ಆಳವಾದಂತೆ ರ‍್ಯಾಂಪ್ ಜಾಗ ಬದಲಿಸುತ್ತದೆ, ಹಳೆಯ ಚರಂಡಿ ಅಡ್ಡಕ್ಕೆ ಕತ್ತರಿಸಿಹೋಗುತ್ತದೆ. ಆದ್ದರಿಂದ ಅನುಮತಿಯ ಕಾಲದ ನಕ್ಷೆ ಸಾಲದು. ಪ್ರತಿ ವರ್ಷ ಮೇ ತಿಂಗಳೊಳಗೆ ಸ್ಥಳದ ಅಳತೆಯಂತೆ ಹೊಸದನ್ನು ಬರೆದು, ಅದೇ ಪ್ರತಿಯನ್ನು ಡಿಜಿಎಂಎಸ್‌ಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಡಬೇಕು.